ಲಿಂಗಣ್ಣನ ಪೆಟ್ಟಿಗೆ ಸೋರಿದ ಕತೆ

ಕೇಳಿ. ನಗು ಬಂದರೆ ನಗಿ, ಆದರೆ ಚಿಕ್ಕತಾಯಮ್ಮನ ಮುಖ ನೋಡಿಕೊಂಡು ನಗಿ.

ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಮರಿಸ್ವಾಮಿ. ಮೂವತ್ತು ದಾಟಿದ ಆಳು, ಎತ್ತಿನಂಥ ಮೈ. ಕೆಟ್ಟವನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವನು. ಅದೇ ಕಷ್ಟ. "ಬಾಗಿಲ ಮೇಲೆ ಒಂದು ಕಣ್ಣಿಡೋ" ಅಂದರೆ, ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದನ್ನ ಬಾಗಿಲಿಗೆ ಒತ್ತಿ ನಿಲ್ಲುವವನು. "ನಾನಿಲ್ಲದ ಮೇಲೆ ಇವನು ಹೇಗಪ್ಪಾ ಬದುಕುತ್ತಾನೆ?" ಅಂತ ಅವಳು ಒಲೆ ಮುಂದೆ ಕೂತು ಅತ್ತದ್ದು ಎಷ್ಟೋ ಸಲ.

ಗಂಡ ಲಿಂಗಣ್ಣ ಟೀವಿ ರಿಪೇರಿ ಮಾಡುತ್ತಿದ್ದವನು. ಮೈ ಚೆನ್ನಾಗಿದ್ದಾಗ ಹಳೇ ಕಂಪ್ಯೂಟರ್ ಬಿಚ್ಚಿ ಜೋಡಿಸಿ ಮನೆ ಮೂಲೆಯಲ್ಲಿ ಒಂದು ಸರ್ವರ್ ಪೆಟ್ಟಿಗೆ ಮಾಡಿಟ್ಟಿದ್ದ. ತಾರಸಿ ಮೇಲಿನ ಡಿಶ್‌ನಿಂದ ಬಂದದ್ದು ಆ ಪೆಟ್ಟಿಗೆಗೆ ಇಳಿದು, ಅಲ್ಲಿಂದ ಟೀವಿಗೆ ಹೋಗುತ್ತಿತ್ತು. ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಒಂದು ಕಡೆ ಮೈ ಹೋಯಿತು, ಮಾತು ಹೋಯಿತು. ಉಳಿದದ್ದು ಮಂಚದ ಎದುರಿನ ಟೀವಿ ಒಂದೇ. ಅದರಲ್ಲಿ ಕುಸ್ತಿ ಓಡುತ್ತಿದ್ದರೆ ಬಾಯಿ ತೆರೆಯುತ್ತಿದ್ದ, ಆಗ ತುತ್ತು ಇಡಬೇಕು. ಚಿತ್ರ ನಿಂತರೆ ಬಾಯಿ ಮುಚ್ಚುತ್ತಿದ್ದ.

ಆ ಪೆಟ್ಟಿಗೆಗೂ ಏನೋ ಬಡಿಯಿತು. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಊಟದ ಹೊತ್ತಿಗೆ ತಡವರಿಸುತ್ತಿತ್ತು. ಆಮೇಲೆ ಚಿತ್ರ ನಿಂತು, ನಡುವೆ ಒಂದು ಚಕ್ರ ಸುತ್ತುತ್ತಾ ಕೂರುತ್ತಿತ್ತು. ತುತ್ತು ತಟ್ಟೆಯಲ್ಲೇ ಆರುತ್ತಿತ್ತು. ಲಿಂಗಣ್ಣ ದಿನದಿನಕ್ಕೆ ಇಳಿದುಹೋದ.

ಚಿಕ್ಕತಾಯಮ್ಮನ ತಮ್ಮ ಬಿಳಿಗಿರಿ ನಂಜನಗೂಡಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಅವನಿಗೆ ಮರಿಸ್ವಾಮಿ ಕೈಲಿ ಫೋನ್ ಮಾಡಿಸಿದಳು.

"ಮೆಮೊರಿ ಸೋರ್ತಾ ಇದೆ ಕಣೋ!" ಅಂದ ಬಿಳಿಗಿರಿ.

"ಸೋರ್ತಾ ಇದೆಯಾ ಮಾವ?"

"ಹೂಂ, ಸೋರ್ತಾ ಇದೆ. ಸ್ವಲ್ಪ ನೋಡ್ಕೋ, ಸಂಜೆ ಮಾತಾಡ್ತೀನಿ."

ಸೋರಿದರೆ ಏನು ಮಾಡಬೇಕು ಅಂತ ಮರಿಸ್ವಾಮಿಗೆ ಗೊತ್ತಿಲ್ಲವೆ? ಪೆಟ್ಟಿಗೆ ಎತ್ತಿ ಬಕೆಟ್ ಮೇಲಿಟ್ಟ. ಹನಿ ಬೀಳಲಿಲ್ಲ. ಇದ್ದಬದ್ದ ತೂತಿಗೆಲ್ಲ ಅಂಟು ಮೆತ್ತಿದ. ಗಾಳಿ ಆಡುವ ತೂತಿಗೂ ಮೆತ್ತಿದ! ಪೆಟ್ಟಿಗೆ ಕಾದ ಹೆಂಚಾಯಿತು.

"ಅಯ್ಯೋ ನನ್ನ ಕರ್ಮವೇ!" ಅಂತ ಚಿಕ್ಕತಾಯಮ್ಮ ಬೆರಳು ಸುಟ್ಟುಕೊಂಡು ಅಂಟು ಕೆರೆದಳು.

ಸಂಜೆ ಬಿಳಿಗಿರಿ ಬೈದ. "ಸೋರೋದು ನೀರಲ್ಲ ಕಣೋ ಪೆದ್ದ! ಪಂಕ್ತಿ ಊಟ ನೋಡಿದ್ದೀಯಲ್ಲ? ಉಂಡವರ ಎಲೆ ಎತ್ತದಿದ್ರೆ ಮುಂದಿನವರು ಎಲ್ಲಿ ಕೂರ್ತಾರೆ? ಪೆಟ್ಟಿಗೆ ಒಳಗೆ ಯಾವುದೋ ಪ್ರೋಗ್ರಾಮು ಎಲೆ ಹಾಕ್ತಾನೇ ಹೋಗ್ತಿದೆ, ಎತ್ತೋದೇ ಇಲ್ಲ. ಜಾಗ ತುಂಬಿ ಚಿತ್ರ ನಿಲ್ಲುತ್ತೆ. ಪೆಟ್ಟಿಗೆ ಆರಿಸಿ ಮತ್ತೆ ಹಾಕು, ಎಲ್ಲ ಖಾಲಿಯಾಗುತ್ತೆ. ಜಾಗ ತುಂಬಿತೋ, ಎಲೆ ಎತ್ತು! ಅಷ್ಟೇ!"

"ಜಾಗ ತುಂಬಿದರೆ ಎಲೆ ಎತ್ತಬೇಕು. ಆಯ್ತು ಮಾವ."

ಆರಿಸಿ ಹಾಕಿದರೆ ಪೆಟ್ಟಿಗೆ ಒಂದು ಹೊತ್ತು ಓಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆ ರಾಚಪ್ಪ ಮೊಮ್ಮಗಳ ನಾಮಕರಣಕ್ಕೆ ಕರೆದ. ಮರಿಸ್ವಾಮಿ ಹೋದ. ಪಂಕ್ತಿ ತುಂಬಿತ್ತು. ಪಾಯಸ ಆಗತಾನೇ ಬಡಿಸಿದ್ದರು. ಇವನು ಒಂದು ತುದಿಯಿಂದ ಶುರುಮಾಡಿ ಎಲೆ ಎತ್ತಿದ, ಎತ್ತಿದ, ಎತ್ತಿದ! ಬೀಗರು ಬಾಯಿಗಿಟ್ಟ ಕೈ ಹಾಗೇ ಹಿಡಿದು ನೋಡುತ್ತಿದ್ದರು.

ರಾಚಪ್ಪ ಅವನ ರಟ್ಟೆ ಹಿಡಿದು ತಂದು ಬಿಟ್ಟ. "ಚಿಕ್ಕತಾಯಕ್ಕ, ನಿನ್ನ ಮಗನ್ನ ಕಟ್ಟಿಹಾಕು!"

"ಉಣ್ಣೋರ ಎಲೆ ಎತ್ತುತ್ತಾರೇನೋ!" ಅಂತ ಅವಳು ಬೈದಳು. ಫೋನಿನಲ್ಲಿ ಬಿಳಿಗಿರಿಯೂ ಬೈದ. "ಬೇಕಾದ್ದನ್ನ ಎತ್ತಬಾರದು ಕಣೋ! ಯಾರೂ ನೋಡದೆ ಸುಮ್ಮನೆ ಓಡ್ತಿರುತ್ತಲ್ಲ, ಅದನ್ನ ಮಾತ್ರ ನಿಲ್ಲಿಸಬೇಕು!"

"ಯಾರೂ ನೋಡದೆ ಓಡೋದನ್ನ ನಿಲ್ಲಿಸಬೇಕು. ಆಯ್ತು ಮಾವ."

ಲಿಂಗಣ್ಣನ ಬೆನ್ನು ಹುಣ್ಣಾಗದಿರಲಿ ಅಂತ ಆಸ್ಪತ್ರೆಯವರು ಗಾಳಿ ಹಾಸಿಗೆ ಹಾಕಿಸಿದ್ದರು. ಅದಕ್ಕೆ ಗಾಳಿ ತುಂಬುವ ಪುಟ್ಟ ಮೋಟರು ಮಂಚದ ಕೆಳಗೆ ಗುಯ್‌ಗುಡುತ್ತಿತ್ತು. ಅವ್ವ ನೀರಿಗೆ ಹೋದಾಗ ಮರಿಸ್ವಾಮಿ ಬಗ್ಗಿ ನೋಡಿದ. ಯಾರಾದರೂ ಇದನ್ನ ನೋಡುತ್ತಿದ್ದಾರೆಯೆ? ಇಲ್ಲ. ಸುಮ್ಮನೆ ಓಡುತ್ತಿದೆ. ಟಕ್ ಅಂತ ನಿಲ್ಲಿಸಿದ.

ಸರತಿಯಲ್ಲಿ ಕಾದು ನೀರು ಹಿಡಿದು ಚಿಕ್ಕತಾಯಮ್ಮ ಬಂದಾಗ ಲಿಂಗಣ್ಣ ಮಂಚದ ಹಲಗೆಗೆ ಇಳಿದುಹೋಗಿದ್ದ. ಕೂಗಲು ಬಾಯಿಲ್ಲ. ಎರಡೂ ಕಣ್ಣಲ್ಲಿ ನೀರು.

ಈ ಸಲ ಅವಳು ಕಿರುಚಲಿಲ್ಲ. ಮೋಟರು ಹಾಕಿದಳು, ಗಂಡನ ಬೆನ್ನು ಒರೆಸಿದಳು. ಆಮೇಲೆ ತಿರುಗಿ ಮೆಲ್ಲಗೆ ಅಂದಳು, "ನೀನು ತಿನ್ನೋಕೆ ಮಾತ್ರ ಹುಟ್ಟಿದ್ದೀಯ ಕಣೋ."

ಅಂಥ ಮಾತು ಅವಳು ಎಂದೂ ಆಡಿರಲಿಲ್ಲ. ಮರಿಸ್ವಾಮಿ ತಲೆಯಾಡಿಸಿ ಕೇಳಿಸಿಕೊಂಡ.

ಸುದ್ದಿ ತಿಳಿದು ಬಿಳಿಗಿರಿ ಮಾರನೇ ದಿನವೇ ಬಸ್ಸು ಹತ್ತಿ ಬಂದ. ಪೆಟ್ಟಿಗೆಯಲ್ಲಿ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ಟೀವಿ ಪರದೆಗೆ ತಂದು ತೋರಿಸಿದ. "ಬಾರೋ ಇಲ್ಲಿ. ಎಲ್ಲಾ ಒಂದೊಂದು ತುತ್ತು ತಿಂದರೆ, ಈ ಮೇಲಿನದು ನೋಡು, ಮುಕ್ಕಾಲು ಪಾಲು ನುಂಗಿದೆ! ಯಾವ ಚಾನಲ್ಲಲ್ಲಿ ಯಾವಾಗ ಏನು ಅಂತ ಬರೆದು ತರೋ ಪ್ರೋಗ್ರಾಮು. ನಿಮ್ಮಪ್ಪನಿಗೆ ಅದು ಬೇಕೇ ಇಲ್ಲ. ಎಲ್ಲರಿಗಿಂತ ಜಾಸ್ತಿ ತಿಂದು, ಏನೂ ವಾಪಸ್ ಕೊಡದೆ ಇರೋದನ್ನ ಹೊರಗೆ ಹಾಕಬೇಕು. ತಿಳೀತಾ?"

"ಆಮೇಲೆ ಅದು ಮತ್ತೆ ಬಂದರೆ ಮಾವ?"

"ಬಂದರೂ ಹೊಸದಾಗಿ ಬರುತ್ತೆ. ಹಳೇದೇನೂ ನೆನಪಿರಲ್ಲ."

ಅದನ್ನ ಕಿತ್ತು ಹಾಕಿ ಬಿಳಿಗಿರಿ ಊರಿಗೆ ಹೊರಟ. ಆಮೇಲೆ ಚಿತ್ರ ನಿಲ್ಲಲಿಲ್ಲ. ಮಧ್ಯಾಹ್ನ ನಿಲ್ಲಲಿಲ್ಲ, ಸಂಜೆ ನಿಲ್ಲಲಿಲ್ಲ. ಮಾರನೇ ದಿನ ಲಿಂಗಣ್ಣ ಕುಸ್ತಿ ನೋಡುತ್ತಾ ತಟ್ಟೆ ಖಾಲಿ ಮಾಡಿದ. ಎಷ್ಟೋ ದಿನದ ಮೇಲೆ ಚಿಕ್ಕತಾಯಮ್ಮನಿಗೂ ಹಸಿವಾಯಿತು. ಮಗನನ್ನ ಊಟಕ್ಕೆ ಕರೆದಳು.

ಮಗ ಇಲ್ಲ! ಪಡಸಾಲೆಯಲ್ಲಿಲ್ಲ, ತಾರಸಿಯಲ್ಲಿಲ್ಲ, ರಾಚಪ್ಪನ ಮನೆಯಲ್ಲಿಲ್ಲ. ಬಾವಿ ಇಣುಕಿದಳು. ಕೊನೆಗೆ ನೋಡಿದರೆ ಹಿತ್ತಿಲಾಚೆ ತಿಪ್ಪೆಯ ಮೇಲೆ, ಉರಿಬಿಸಿಲಲ್ಲಿ, ಕೈಕಟ್ಟಿ ಕೂತಿದ್ದಾನೆ.

"ಇಲ್ಲೇನೋ ಮಾಡ್ತಿದ್ದೀಯ?"

"ನನ್ನ ಹೊರಗೆ ಹಾಕ್ಕೊಂಡೆ ಅವ್ವ."

"ಏನಂದೆ?"

"ನೆನ್ನೆ ರಾತ್ರಿ ನೋಡಿದೆ. ಅಪ್ಪ ಚೂರು ತಿಂದ, ನೀನು ಒಂದು ಮುದ್ದೆ. ನಾನೇ ಎಲ್ಲರಿಗಿಂತ ಜಾಸ್ತಿ. ವಾಪಸ್ಸೂ ಏನೂ ಕೊಡಲ್ಲ. ತಿನ್ನೋಕೆ ಮಾತ್ರ ಹುಟ್ಟಿದ್ದು ಅಂತ ನೀನೇ ಅಂದೆಯಲ್ಲವ್ವ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿದ ಕೆಲಸ ಸರಿಯಾಗಿ ಮಾಡಿದವನ ಸಮಾಧಾನವಿತ್ತು. ಅದೇ ಅವಳಿಗೆ ಚುಚ್ಚಿತು. ತಿಪ್ಪೆ ಅಂತಲೂ ನೋಡದೆ ಅವನ ಪಕ್ಕ ಕುಸಿದು ಕೂತಳು.

"ತಪ್ಪಾಯ್ತು ಕಣೋ ಮಗ. ಬಾ ಒಳಗೆ."

"ಒಳಗೆ ಬಂದರೆ ಹಳೇದು ನೆನಪಿರಲ್ಲ ಅವ್ವ. ಮಾವ ಹೇಳಿದ್ದಾನೆ."

"ಇರದಿದ್ರೆ ಬೇಡ. ಬಾ!"

ಕೈ ಹಿಡಿದು ಎಳೆದುಕೊಂಡು ಬಂದಳು. ಮರಿಸ್ವಾಮಿ ಹೊಸಲು ದಾಟಿದ. ನಿಂತ. ಗೋಡೆ ನೋಡಿದ, ಸೂರು ನೋಡಿದ, ಅವಳನ್ನ ನೋಡಿದ. ಎರಡೂ ಕೈ ಜೋಡಿಸಿ ಕೇಳಿದ, "ತಾವು ಯಾರು ತಾಯಿ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ತಲೆಗೆ ಅಂಟಿದ್ದ ಹುಲ್ಲುಕಡ್ಡಿ ತೆಗೆದಳು. "ಮುದ್ದೆ ಮಾಡೋಳು ಕಣಪ್ಪ. ಕೈಕಾಲು ತೊಳ್ಕೊಂಡು ಬಾ."

"ಈ ಮನೇಲಿ ಎಷ್ಟು ತಿನ್ನಬಹುದು ತಾಯಿ?"

"ಹೊಟ್ಟೆ ತುಂಬೋವಷ್ಟು."

ಸರಿ ಅಂತ ಹೊರಟ. ಎರಡು ಹೆಜ್ಜೆ ಇಟ್ಟು ನಿಂತ. ಹುಟ್ಟಿದಾಗಿನಿಂದ ಬೆಳೆದ ಮನೆ. ಆದರೆ ಹಳೇದೇನೂ ನೆನಪಿರಬಾರದಲ್ಲ! ಮಂಚದ ಹತ್ತಿರ ಹೋಗಿ ಬಗ್ಗಿ, ಬಹಳ ವಿನಯದಿಂದ ಕೇಳಿದ, "ಯಜಮಾನರೇ, ಇಲ್ಲಿ ಬಚ್ಚಲು ಎಲ್ಲಿದೆ?"

ಲಿಂಗಣ್ಣ ಕುಸ್ತಿಯಿಂದ ಕಣ್ಣು ತೆಗೆಯದೆ, ಸರಿಯಿದ್ದ ಕೈ ಎತ್ತಿ ತೋರಿಸಿದ.