ಕಂಬಳಿ ತಂಪಿರತೈತ್ರಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಗುರುಸಿದ್ದವ್ವ. ಪ್ರಯೋಗ ಮಾಡದೆಯೇ ಉತ್ತರ ಬರೆದು ತಂದವರನ್ನು ಕೂರಿಸಿಕೊಂಡು ಹೇಳುತ್ತಿದ್ದರು. ಹಾಗಾಗಿ ನಾನು ಇದನ್ನು ಬಹಳ ಸಲ ಕೇಳಿದ್ದೇನೆ.

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ನಿರಂಜನಯ್ಯ ಎಂಬ ಗುರು.

ಬೇರೆ ಕಡೆ ಮಕ್ಕಳು ಗುರುವಿಗೆ ಪಾಠ ಒಪ್ಪಿಸುತ್ತಾರೆ. ಇಲ್ಲಿ ಮಕ್ಕಳಿಗೆ ಕಲಿಸಿದ ಶಿಷ್ಯನೇ ಸಂಜೆ ಗುರುವಿನ ಮುಂದೆ ಕೂತು ಮಕ್ಕಳ ಮಾತನ್ನು ಒಪ್ಪಿಸಬೇಕಿತ್ತು. ಆ ದಿನ ಯಾವುದಾದರೊಂದು ಮಗು ಆಡಿದ ಮಾತು, ಅದು ಆಡಿದ ಹಾಗೆಯೇ.

ಒಪ್ಪಿಸಿದ್ದು ಒಪ್ಪಿಗೆಯಾದರೆ ಗುರುಗಳು ಗೂಟದ ಮೇಲಿನ ಕರಿ ಕಂಬಳಿ ತೆಗೆದು ಹೊದಿಸುತ್ತಿದ್ದರು. ಕಂಬಳಿ ಸಿಕ್ಕವನು ಎಲ್ಲಿ ಬೇಕಾದರೂ ಹೋಗಿ ಕಲಿಸಬಹುದು.

ಆಚೆ ದಡದ ಊರಿನವರು ಪಾಠಶಾಲೆ ಕಟ್ಟಿ ಮೇಷ್ಟ್ರಿಗಾಗಿ ಕಾಯುತ್ತಿದ್ದರು. ಶಿಷ್ಯ ಮಾರ್ತಾಂಡನಿಗೆ ಹನ್ನೆರಡು ವರ್ಷದಿಂದ ಅದೇ ಕನಸು. ಊರಿನವರು ಗಡುವು ಹಾಕಿದ್ದ ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು. ಅಷ್ಟರಲ್ಲಿ ಕಂಬಳಿ ಸಿಗದಿದ್ದರೆ ಬೇರೊಬ್ಬ ಹೋಗುತ್ತಾನೆ.

ದೋಣಿಯ ಅಂಬಿಗ ದಿನವೂ ಕೆಣಕುತ್ತಿದ್ದ. “ಅಯ್ಯಾರ, ನನ್ನ ದೋಣಿ ಮುಪ್ಪಾಗೂದರಾಗ ಬರ್ತೀರಿಲ್ಲೋ?”

ಆ ಸಂಜೆ ಮಾರ್ತಾಂಡ ಬೆನ್ನು ನೆಟ್ಟಗೆ ಮಾಡಿ ಕೂತು ಒಪ್ಪಿಸಿದ. “ಕಂಬಳಿಯು ತಾನಾಗಿ ಶಾಖವನ್ನು ಉಂಟುಮಾಡುವುದಿಲ್ಲ. ಮೈಯ ಶಾಖವು ಹೊರಹೋಗದಂತೆ ತಡೆಯುತ್ತದೆ.”

“ಇದು ನಾನು ನಿನಗೆ ಹೇಳಿಕೊಟ್ಟಿದ್ದು,” ಅಂದರು ಗುರುಗಳು. “ಮಗು ಏನಂತು?”

“ಇದನ್ನೇ ಅಂದರು. ಹನ್ನೊಂದು ಮಕ್ಕಳೂ ತಪ್ಪಿಲ್ಲದೆ ಹೇಳಿದರು.”

“ನಿನ್ನ ಹತ್ತಿರ ಹನ್ನೆರಡು ಮಕ್ಕಳಿದ್ದರಲ್ಲ?”

“ಕುರಿ ಕಾಯುವವರ ಮಗಳು ಒಬ್ಬಳಿದ್ದಾಳೆ, ಮಾಳವ್ವ. ಅವಳು ಏನೋ ತಪ್ಪು ಹೇಳಿದಳು. ಕೂರಿಸಿದೆ.”

“ಏನೋ ಅಂದರೆ?”

ಮಾರ್ತಾಂಡ ನೆನಪು ಮಾಡಿಕೊಂಡ. ಎಲ್ಲರೂ ನಕ್ಕಿದ್ದು ನೆನಪಿತ್ತು. ತಾನೂ ಸ್ವಲ್ಪ ನಕ್ಕಿದ್ದು ನೆನಪಿತ್ತು. ಆಮೇಲೆ ಮಾತೂ ನೆನಪಾಯಿತು.

“ಕಂಬಳಿ ತಂಪಿರತೈತ್ರಿ, ಅಂದಳು.”

“ಯಾಕೆ ಹಾಗಂದಳು?”

“ಕೇಳಲಿಲ್ಲ.”

ಗುರುಗಳು ಎದ್ದು ಊಟಕ್ಕೆ ಹೋದರು. ಕಂಬಳಿ ಗೂಟದ ಮೇಲೇ ಉಳಿಯಿತು.

ಮರುದಿನ ಬೆಳಿಗ್ಗೆ ಮಾರ್ತಾಂಡ ಮಾಳವ್ವನ ಎದುರು ನೆಲದ ಮೇಲೆ ಕೂತ. ಬೈಸಿಕೊಳ್ಳಲು ತಯಾರಾಗಿ ಅವಳು ಮೊದಲೇ ತಲೆ ತಗ್ಗಿಸಿದ್ದಳು.

“ಕಂಬಳಿ ತಂಪು ಅಂತ ನಿನಗೆ ಹೇಗೆ ಗೊತ್ತವ್ವಾ?”

“ಇನ್ನ ಮ್ಯಾಲೆ ಅನ್ನಂಗಿಲ್ರಿ.”

“ಅನ್ನಬೇಡ ಅಂತಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ.”

ಅವಳು ಅವನ ಮುಖ ನೋಡಿದಳು. ನಗು ಬರುವ ಸೂಚನೆ ಕಾಣಲಿಲ್ಲ. “ನಮ್ಮಪ್ಪ ಉರಿಬಿಸಲಾಗ ಕಂಬಳಿ ಹೊತ್ಗೊಂಡ ಕುರಿ ಮೇಸತಾನ್ರಿ. ನಮ್ಮವ್ವ ಸಂತಿಗೆ ಬೆಣ್ಣಿ ಒಯ್ಯುವಾಗ ಗಡಿಗಿಗೆ ಕಂಬಳಿ ಸುತ್ತತಾಳ್ರಿ. ಬೆಚ್ಚಗಿದ್ರ ಬೆಣ್ಣಿ ಕರಗತಿತ್ತಲ್ರಿ?”

ಮಾರ್ತಾಂಡ ಎದ್ದ. ನೇರ ಗುರುಗಳ ಬಳಿ ಹೋದ.

“ಗುರುಗಳೇ, ಆ ಕಂಬಳಿ ಬೇಕಿತ್ತು.”

“ಇಷ್ಟು ಬೇಗ?”

“ಹೊದೆಯೋಕಲ್ಲ. ಬೆಣ್ಣೆಗೆ ಸುತ್ತೋಕೆ.”

“ಅದಕ್ಕಾದರೆ ತಗೋ.”

ಅಡುಗೆಮನೆಯಿಂದ ಬೆಣ್ಣೆಯ ಎರಡು ಮುದ್ದೆ ಬಂದವು. ಎರಡನ್ನೂ ಎಲೆಯಲ್ಲಿಟ್ಟು ಅಂಗಳದ ಬಿಸಿಲಿಗೆ ಒಯ್ದ. ಒಂದನ್ನು ಹಾಗೇ ಬಿಟ್ಟ. ಇನ್ನೊಂದಕ್ಕೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಸುತ್ತುತ್ತಾ ಕೇಳಿದ, “ಮೊದಲು ಕರಗೋದು ಯಾವುದು?”

ನಿನ್ನೆ ತಪ್ಪಿಲ್ಲದೆ ಪಾಠ ಹೇಳಿದ್ದ ಹನ್ನೊಂದು ಮಕ್ಕಳೂ ಕಂಬಳಿಯ ಕಡೆ ಬೆರಳು ಮಾಡಿದರು. “ಕಂಬಳಿ ಬೆಚ್ಚಗಿರತೈತಲ್ರೀ,” ಅಂದಿತು ಒಂದು ಮಗು, ಇವರಿಗೆ ಇಷ್ಟೂ ತಿಳಿಯದೇ ಅನ್ನುವ ಹಾಗೆ.

ಸ್ವಲ್ಪ ಹೊತ್ತಿನಲ್ಲೇ, ಸುತ್ತದೆ ಬಿಟ್ಟಿದ್ದ ಬೆಣ್ಣೆ ಎಲೆಯಿಂದ ಹರಿದು ಅಂಗಳಕ್ಕಿಳಿಯಿತು. ಕಂಬಳಿ ಬಿಚ್ಚಿದರೆ ಒಳಗಿನ ಮುದ್ದೆ ಮುದ್ದೆಯಾಗೇ ಇತ್ತು. ಈ ಸಲ ಯಾರೂ ನಗಲಿಲ್ಲ.

ಸಂಜೆ ಮಾರ್ತಾಂಡ ಓಡುತ್ತಲೇ ಬಂದ. “ಗುರುಗಳೇ, ಹನ್ನೊಂದು ಮಕ್ಕಳ ಬಾಯಲ್ಲಿ ಸರಿಯಿತ್ತು, ತಲೆಯಲ್ಲಿ ಇರಲಿಲ್ಲ. ಮಾಳವ್ವ ಹೇಳಿದ್ದೇ ಸರಿ.”

“ನಿನ್ನೆ ತಪ್ಪು ಅಂದು ಕೂರಿಸಿದೆ. ಇವತ್ತು ಸರಿ ಅಂದು ಕೂರಿಸಿದೆಯಾ?”

ಮಾರ್ತಾಂಡನಿಗೆ ಅರ್ಥವಾಗಲಿಲ್ಲ.

“ಚಳಿಗಾಲದಲ್ಲಿ ಆ ಹುಡುಗಿ ಏನು ಹೊದೆಯುತ್ತಾಳೆ?” ಕೇಳಿದರು ಗುರುಗಳು.

“ಕಂಬಳಿಯನ್ನೇ.”

“ತಂಪಿಗೋ?”

  ಕಂಬಳಿ ಮತ್ತೆ ಗೂಟಕ್ಕೆ ಹೋಯಿತು.

ಮೂರನೆಯ ದಿನ ಅವನು ಕೇಳಿದ, “ಮಾಳವ್ವಾ, ಚಳಿಗಾಲದಲ್ಲಿ ಕಂಬಳಿ ಹೊದ್ದರೆ?”

“ಬೆಚ್ಚಗಿರತೈತ್ರಿ.”

“ಬಿಸಿಲಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಯಾವ ಕಾಲ ಅಂತ ಕಂಬಳಿಗೆ ಹೇಗೆ ತಿಳಿಯುತ್ತದೆ?”

 ಮಾಳವ್ವ ನೆಲ ಕೆರೆದಳು. ಆಕಾಶ ನೋಡಿದಳು.

ಉತ್ತರ ಮಾರ್ತಾಂಡನ ನಾಲಿಗೆಯ ತುದಿಗೇ ಬಂದಿತ್ತು. ಹನ್ನೆರಡು ವರ್ಷ ಓದಿದ ಉತ್ತರ. ಹೊಳೆಯ ಕಡೆಯಿಂದ ಅಂಬಿಗನ ಕೂಗೂ ಕೇಳುತ್ತಿತ್ತು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ನೆರಳು ಒಂದು ಗೇಣು ಸರಿಯಿತು.

ಕೊನೆಗೆ ಅವಳು ಮಾತಾಡಿದಳು. ಅವನು ಕೇಳಿಸಿಕೊಂಡ. “ಇನ್ನೊಮ್ಮೆ ಹೇಳವ್ವಾ,” ಅಂದ. ಅವಳು ಇನ್ನೊಮ್ಮೆ ಹೇಳಿದಳು.

ಸಂಜೆ ಗುರುವಿನ ಮುಂದೆ ಅವನು ಬೆನ್ನು ನೆಟ್ಟಗೆ ಮಾಡುವುದನ್ನು ಮರೆತು ಒಪ್ಪಿಸಿದ. “ಕಂಬಳಿಗೆ ಏನ್ ತಿಳೀತೈತ್ರಿ, ಮಣ್ಣು. ಅದು ಬಾಗಲಾ ಹಾಕ್ಕೊಂಡ ಕುಂತಿರತೈತಿ. ಒಳಗಿಂದು ಒಳಗ, ಹೊರಗಿಂದು ಹೊರಗ.”

“ಅಷ್ಟೇ ಅಂದಳಾ?”

ಮಾರ್ತಾಂಡ ತಡವರಿಸಿದ. “ಇನ್ನೊಂದು ಮಾತು ಅಂದಳು. ‘ನಿಮಗಿದು ಗೊತ್ತಿರಲಿಲ್ಲೇನ್ರಿ ಅಯ್ಯಾರ?’ ಅಂತ.”

“ನೀನೇನಂದೆ?”

“ಹೀಗೆ ಗೊತ್ತಿರಲಿಲ್ಲ ಅಂದೆ.”

ಗುರುಗಳು ಗೂಟದಿಂದ ಕಂಬಳಿ ತೆಗೆದರು. ಅದು ಬೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಹಾಗೇ ಅವನ ಹೆಗಲಿಗೆ ಹೊದಿಸಿ ದೋಣಿಯವರೆಗೆ ನಡೆದು ಬಂದರು.

“ಅಂತೂ ಬಂದ್ರಲ್ರೀ,” ಅಂದ ಅಂಬಿಗ, ದೋಣಿ ನೂಕುವ ಜಲ್ಲೆ ಎತ್ತಿಕೊಳ್ಳುತ್ತಾ.

ಮಾರ್ತಾಂಡ ದೋಣಿಯಲ್ಲಿ ಕೂತು ಕೇಳಿದ, “ಗುರುಗಳೇ, ಆಚೆ ದಡದಲ್ಲಿ ನಾನು ಏನು ಕಲಿಸಲಿ?”

“ಈ ಮೂರು ದಿನದ ಕಥೆ ಹೇಳು,” ಅಂದರು ಗುರುಗಳು. “ಹೇಳಿ ಮುಗಿಸಿದ ಮೇಲೆ, ಅವರಿಗೆ ಏನು ಕೇಳಿಸಿತು ಅಂತ ಕೇಳು.”