ಕಣ್ಣು ಮುಚ್ಚುವ ದಿನ

“ಅಜ್ಜಾರೇ, ಅಖಂಡ ಭಜನೆಯನ್ನು ನಡುವೆ ನಿಲ್ಲಿಸಬಹುದೇ?” ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಗಿರಣಿ ಸಾಹುಕಾರರ ಅಂಗಳದಲ್ಲಿ ಗುರು ಹಾಡು ನಿಲ್ಲಿಸಿ, ಸಡಿಲಾಗಿ ಶ್ರುತಿ ಇಳಿದ ಏಕತಾರಿಯ ತಂತಿಯನ್ನು ಬಿಗಿ ಮಾಡಿದ್ದರು. ಶಿಷ್ಯ ಮಾತ್ರ ನಿಲ್ಲಿಸದೆ ಹಾಡಿದ್ದ. ಸಾಹುಕಾರರು ಸಿಟ್ಟಾಗಿ, ಮುಂದಿನ ವರ್ಷ ಗುರು ಬೇಡ, ಶಿಷ್ಯನೊಬ್ಬನೇ ಬರಲಿ ಎಂದಿದ್ದರು. ಈಗ ಇಬ್ಬರೂ ಬೇರೆ ಊರಿನ ದಾರಿ ಹಿಡಿದಿದ್ದರು.

ಗುರು ನಡೆಯುತ್ತಲೇ ಹೇಳಿದರು:

ಸೂರ್ಯನನ್ನು ನೋಡಲೆಂದೇ ಬಾನಿಗೆ ಬಿಟ್ಟ ಒಂದು ನೌಕೆ ಇತ್ತು. ಸೂರ್ಯ ಸಿಡಿದರೆ ಅದು ಕಂಡು ಭೂಮಿಗೆ ತಿಳಿಸಬೇಕು. ನೆಲದಲ್ಲಿ ಕೂತು ಅದನ್ನು ನಡೆಸುವ ಕೆಲಸ ಒಬ್ಬ ಹೆಂಗಸಿನದು. ನೌಕೆ ನಿಂತಲ್ಲಿ ನಿಲ್ಲುವುದಿಲ್ಲ, ಮೆಲ್ಲಗೆ ಜಾರುತ್ತದೆ. ಆಗಾಗ ಅದರ ಎಂಜಿನ್ ಉರಿಸಿ, ತಳ್ಳಿ ಜಾಗಕ್ಕೆ ತರಬೇಕು. ತಳ್ಳುವಾಗ ಏಳುವ ಹೊಗೆ ಕ್ಯಾಮೆರಾದ ಗಾಜಿಗೆ ಮೆತ್ತದಂತೆ ಅದರ ಕಣ್ಣಿಗೆ ಮುಚ್ಚಳ ಹಾಕಬೇಕು. ಅಷ್ಟು ಹೊತ್ತು ಸೂರ್ಯ ಕಾಣುವುದಿಲ್ಲ. ಹಾಗೆ ಮುಚ್ಚುವ ದಿನ ಯಾವುದೆಂದು ಅವಳು ಮೊದಲೇ ಗೋಡೆಯ ಮೇಲೆ ಬರೆದುಬಿಡುತ್ತಿದ್ದಳು.

ಒಮ್ಮೆ ಅದೇ ದಿನ ದೊಡ್ಡವರು ಕೆಲವರು ಸೂರ್ಯನನ್ನು ನೋಡಲು ಬರುವುದಾಯಿತು. ಮೇಲಧಿಕಾರಿ ಓಡಿ ಬಂದ.

“ಏನಮ್ಮಾ, ಇವತ್ತೇ ಮುಚ್ಚಬೇಕಾ? ಗೇಟಿನ ಮೇಲೆ ‘ರೆಪ್ಪೆ ಮಿಟುಕಿಸದ ಕಣ್ಣು’ ಅಂತ ಬರೆಸಿದ್ದೀನಿ. ಬಂದವರಿಗೆ ಕಪ್ಪು ಪರದೆ ತೋರಿಸಲಾ?”

“ತೋರಿಸಿ ಸಾರ್. ಕಾಫಿ ಕೊಡಿ, ಕಾಯ್ತಾರೆ.”

“ಅಷ್ಟರಲ್ಲಿ ಸೂರ್ಯ ಸಿಡಿದರೆ?”

“ಸಿಡಿಯಲಿ. ನೌಕೆ ಜಾರಿಹೋದರೆ ಮುಂದೆ ಯಾವ ಸಿಡಿತವೂ ಕಾಣಲ್ಲ.”

“ನಾಳೆಯಿಂದ ಈ ಕುರ್ಚಿಯಲ್ಲಿ ನೀನಿರಲ್ಲ, ನೋಡ್ತಿರು.”

“ನಾಳೆ ತಾನೇ? ಇವತ್ತು ನಾನೇ ಇದ್ದೀನಿ” ಎಂದು ಅವಳು ಮುಚ್ಚಳ ಹಾಕಿದಳು.

ಆ ಹೊತ್ತಿನಲ್ಲೇ ಸೂರ್ಯ ಸಿಡಿದ. ಎಷ್ಟೋ ವರ್ಷಕ್ಕೊಮ್ಮೆ ಆಗುವಂಥ ಸಿಡಿತ. ಬೇರೆಯವರ ನೌಕೆಗಳು ಕಂಡವು, ಇದು ಕಾಣಲಿಲ್ಲ. ದೊಡ್ಡವರು ಕಪ್ಪು ಪರದೆ ನೋಡಿ ನಕ್ಕು ಹೊರಟುಹೋದರು.

“ಹೋಯಿತಲ್ಲ! ಈಗಲಾದರೂ ತಪ್ಪಾಯಿತು ಅನ್ನು” ಎಂದ ಅಧಿಕಾರಿ.

“ಹೋಯಿತು ಸಾರ್, ನನಗೂ ಹೊಟ್ಟೆ ಉರೀತಿದೆ. ಮುಂದಿನ ಸಲ ಮುಚ್ಚುವ ದಿನವನ್ನೂ ಗೋಡೆಯ ಮೇಲೆ ಬರೆದಿದ್ದೀನಿ. ಓದಿಕೊಳ್ಳಿ.”

ಮರುದಿನ ಅವಳ ಕುರ್ಚಿ ಹೋಯಿತು. ನೌಕೆ ತನ್ನ ಜಾಗದಲ್ಲಿತ್ತು, ಸೂರ್ಯನನ್ನು ನೋಡುತ್ತಿತ್ತು. ಗೋಡೆಯ ಮೇಲಿನ ದಿನ ಬಂದಾಗ, ಆ ಕುರ್ಚಿಗೆ ಬಂದವನೂ ಮುಚ್ಚಳ ಹಾಕಿದ.

ಕತೆ ಮುಗಿಯಿತು. ಶಿಷ್ಯ ಮತ್ತೆ ಕೇಳಿದ: “ಹಾಗಾದರೆ ಮುಂದಿನ ವರ್ಷ ಸಾಹುಕಾರರ ಮನೆಗೆ ನಾನು ಹೋಗಲೋ, ಬೇಡವೋ?”

ಗುರು ಏಕತಾರಿಯನ್ನು ಹೆಗಲು ಬದಲಿಸಿಕೊಂಡು ಹೇಳಿದರು: “ಶ್ರುತಿ ಇಳಿದದ್ದು ಗೊತ್ತಿದ್ದೂ ಹಾಡಿದೆಯಲ್ಲ, ಅದು ಯಾರಿಗೆ ಕೇಳಲಿ ಅಂತ?”