ಗಿರಿಜವ್ವನ ಮುಳ್ಳು, ಜಂಬಣ್ಣನ ತಾಯತ

ಬಿದಿರು ದಟ್ಟವಾಗಿ ಬೆಳೆದ ಒಂದು ಕಾಡಿನಲ್ಲಿ ಗಿರಿಜವ್ವ ಎಂಬ ಮುಳ್ಳುಹಂದಿ ಇದ್ದಳು. ಕಾಡಿನ ಮರಿಗಳಿಗೆಲ್ಲ ಮದ್ದು ಚುಚ್ಚುವವಳು ಅವಳೇ. ಪ್ರತಿ ಮಳೆಗಾಲದಲ್ಲೂ ಆ ಕಾಡಿಗೆ ಚುಕ್ಕೆಜ್ವರ ಬರುತ್ತಿತ್ತು. ಗಿರಿಜವ್ವ ತನ್ನ ಮುಳ್ಳೊಂದನ್ನು ಮದ್ದಿನಲ್ಲಿ ಅದ್ದಿ ಮರಿಯ ತೊಡೆಗೆ ಒಮ್ಮೆ ಚುಚ್ಚಿದರೆ ಸಾಕು, ಜ್ವರ ಹತ್ತಿರ ಸುಳಿಯುತ್ತಿರಲಿಲ್ಲ.

ಅದೇ ಕಾಡಿನಲ್ಲಿ ಜಂಬಣ್ಣ ಎಂಬ ನರಿಯೂ ಇದ್ದ. ಅವನು ಚುಕ್ಕೆಜ್ವರ ತಡೆಯುತ್ತೆ ಎಂದು ಬೇರಿನ ತಾಯತ ಕಟ್ಟಿಕೊಟ್ಟು ಜೇನು, ಹಣ್ಣು ಪಡೆಯುತ್ತಿದ್ದ. ಮುಳ್ಳಿಗೆ ಹೆದರುವವರು ಹೆಚ್ಚಾದಷ್ಟೂ ಅವನಿಗೆ ಲಾಭ. ಅದಕ್ಕೇ ಮನೆಮನೆಗೆ ಹೋಗಿ ಪಿಸುಗುಟ್ಟಿದ. ಮೊಲಕ್ಕೆ, "ಚುಚ್ಚಿಸಿದರೆ ಮರಿಯ ಕಿವಿ ಮೋಟಾಗುತ್ತೆ" ಎಂದ. ಹೊನ್ನಿ ಎಂಬ ಜಿಂಕೆಗೆ, "ನಿನ್ನ ಮಗನಿಗೆ ಕೊಂಬೇ ಮೂಡಲ್ಲ ತಂಗಿ" ಎಂದ.

ಹೊನ್ನಿ ಮೊದಲೇ ಅಂಜಿದ್ದಳು. ಹೋದ ವರ್ಷ ಹಿರಿಮಗಳಿಗೆ ಚುಚ್ಚಿಸಿದಾಗ ಎರಡು ದಿನ ಮೈ ಕಾದಿತ್ತು. ಈ ಸಲ ಅವಳು ತಾಯತವನ್ನೇ ಕಟ್ಟಿಸಿದಳು.

ಕಾಡಿನ ಹಿರಿಯಳಾದ ಆನೆಯಮ್ಮನಿಗೆ ಇದು ತಿಳಿದು ಸಿಟ್ಟು ಬಂತು. "ಚುಚ್ಚಿಸದ ಮರಿಗೆ ಕೆರೆಯ ನೀರಿಲ್ಲ!" ಎಂದು ಡಂಗುರ ಹೊಡೆಸಿದಳು. ತಾಯಂದಿರು ಇನ್ನಷ್ಟು ಹೆದರಿದರು. ಮರಿಗಳನ್ನು ಪೊದೆಯಲ್ಲಿ ಬಚ್ಚಿಟ್ಟು ಹೊಂಡದ ಕೊಚ್ಚೆನೀರು ಕುಡಿಸಿದರು. ಮಳೆ ಶುರುವಾಯಿತು. ಮೊಲದ ಮರಿಯೊಂದಕ್ಕೆ ಮೈತುಂಬ ಚುಕ್ಕೆಗಳೆದ್ದವು. ಅದರ ಕೊರಳಲ್ಲಿ ತಾಯತ ನೇತಾಡುತ್ತಿತ್ತು.

ಗಿರಿಜವ್ವ ಆನೆಯಮ್ಮನ ಬಳಿಗೆ ಓಡಿದಳು. "ಅಮ್ಮಾ, ಕೆರೆ ಬಿಟ್ಟುಕೊಡಿ. ಅವರು ಕೆಟ್ಟವರಲ್ಲ, ಹೆದರಿದ್ದಾರೆ ಅಷ್ಟೇ. ನಾನೇ ಮನೆಮನೆಗೆ ಹೋಗ್ತೀನಿ."

ಆನೆಯಮ್ಮ ಕಿವಿ ಬೀಸುತ್ತಾ ಯೋಚಿಸಿದಳು. "ನನ್ನದೇ ದುಡುಕಾಯಿತು. ಕೆರೆ ಎಲ್ಲರಿಗೂ ಇರಲಿ. ನಡಿ, ನಾನೂ ಬರ್ತೀನಿ."

ಇಬ್ಬರೂ ಮೊದಲು ಹೊನ್ನಿಯ ಮನೆಗೆ ಹೋದರು. ಹೊನ್ನಿ ಮಗನನ್ನು ಬೆನ್ನ ಹಿಂದೆ ಸರಿಸಿಕೊಂಡು ಕೇಳಿದಳು, "ಹಿರಿಯವಳಿಗೆ ಜ್ವರ ಬಂತಲ್ಲ ಗಿರಿಜವ್ವ?"

"ಬಂತು ಮಗಳೇ. ಮದ್ದು ಮೈಗೆ ಹತ್ತುವಾಗ ಒಂದೆರಡು ದಿನ ಮೈ ಬಿಸಿಯಾಗುತ್ತೆ, ಆಮೇಲೆ ಇಳಿಯುತ್ತೆ. ಮೊದಲೇ ಹೇಳಬೇಕಿತ್ತು, ಹೇಳದ್ದು ನನ್ನ ತಪ್ಪು."

"ಮತ್ತೆ ಕೊಂಬು?"

"ನಿನ್ನ ಗಂಡನಿಗೆ ಚುಚ್ಚಿದವಳೂ ನಾನೇ ಕಣೇ!"

ಹೊನ್ನಿಗೆ ನಗು ತಡೆಯಲಾಗಲಿಲ್ಲ. ಅವಳ ಗಂಡನ ಕೊಂಬು ದಿನಾ ಒಂದು ಬಳ್ಳಿಗಾದರೂ ಸಿಕ್ಕಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಜಂಬಣ್ಣ ಹೊಸ ತಾಯತ ಹಿಡಿದು ಬಂದ. "ಬೇಡ ತಂಗಿ, ಮೋಸ ಹೋಗಬೇಡ! ನಿನ್ನ ಮಗ ನನ್ನ ಮಗ ಇದ್ದ ಹಾಗೆ" ಎಂದು ಕಣ್ಣೊರೆಸಿಕೊಂಡ.

ಅವನನ್ನೇ ಹುಡುಕಿಕೊಂಡು ಅವನ ಪುಟ್ಟ ಮಗಳು ಓಡಿಬಂದಳು. "ಅಪ್ಪಾ, ಅಮ್ಮ ಊಟಕ್ಕೆ ಕರೀತಿದ್ದಾಳೆ!" ಗಿರಿಜವ್ವನನ್ನು ಕಂಡದ್ದೇ ತೊಡೆ ಮುಚ್ಚಿಕೊಂಡಳು. "ಅಯ್ಯೋ ಅಜ್ಜೀ, ನನಗೆ ಮತ್ತೆ ಚುಚ್ಚಬೇಡ! ಹೋದ ತಿಂಗಳು ಅಪ್ಪನೇ ಕರಕೊಂಡು ಬಂದು ನಮಗೆಲ್ಲ ಚುಚ್ಚಿಸಿದನಲ್ಲ. ಯಾರಿಗೂ ಹೇಳಬಾರದು ಅಂತಾನೂ ಅಂದಿದ್ದ!"

ಜಂಬಣ್ಣನ ಬಾಲ ಕಾಲ ಸಂದಿಗೆ ಸೇರಿತು.

"ಗಿರಿಜವ್ವ, ನೀನ್ಯಾಕೆ ಹೇಳಲಿಲ್ಲ?" ಎಂದು ಹೊನ್ನಿ ಕೇಳಿದಳು.

"ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯೋದಿಲ್ಲ ಮಗಳೇ."

ಹೊನ್ನಿ ತಾಯತ ಕಿತ್ತೆಸೆದು ಮಗನನ್ನು ಮುಂದೆ ತಂದಳು. ಆನೆಯಮ್ಮ ಮದ್ದಿನ ಸೋರೆಬುರುಡೆಯನ್ನು ನರಿಯ ಕುತ್ತಿಗೆಗೆ ನೇತುಹಾಕಿದಳು. "ಸುಳ್ಳು ಹೇಳಿದ ಪ್ರತಿಯೊಂದು ಮನೆಗೂ ಇದನ್ನು ಹೊತ್ತು ನಡಿ. ನಿಜವನ್ನು ನಿನ್ನ ಬಾಯಲ್ಲೇ ಹೇಳು."

ಜಂಬಣ್ಣ ಹೇಳಿದ. ಸಂಜೆಯ ಹೊತ್ತಿಗೆ ಅವನ ಗಂಟಲು ಕಟ್ಟಿತ್ತು, ಮರಿಗಳಿಗೆಲ್ಲ ಮದ್ದು ಬಿದ್ದಿತ್ತು. ಹೊನ್ನಿಯ ಮಗನ ಮೈ ಒಂದು ದಿನ ಬಿಸಿಯಾಯಿತು. ಮರುದಿನ ಅವನು ತಾಯಿಯನ್ನೇ ದಾಟಿ ನೆಗೆದ. ಮೊಲದ ಮರಿ ಹದಿನೈದು ದಿನ ಆರೈಕೆ ಪಡೆದು ಎದ್ದು ಕೂತಿತು. ಆ ಮಳೆಗಾಲ ಮತ್ತೆ ಯಾರಿಗೂ ಚುಕ್ಕೆ ಏಳಲಿಲ್ಲ. ತಾಯತ ಕೇಳುವವರಿಲ್ಲದೆ ಜಂಬಣ್ಣ ಹೊಟ್ಟೆಪಾಡಿಗೆ ಹಳ್ಳದಲ್ಲಿ ಏಡಿ ಹಿಡಿಯತೊಡಗಿದ. ಮೊದಲ ದಿನವೇ ಒಂದು ಏಡಿ ಅವನ ಮೂಗು ಹಿಡಿದುಕೊಂಡಿತು!

ನೀತಿ: ಹೆದರಿದವರನ್ನು ಗದರಿಸಬೇಡಿ, ಕೂತು ನಿಜ ಹೇಳಿ, ಹೆದರಿಸುವವನನ್ನು ನಂಬುವ ಮುನ್ನ ಅವನು ತನ್ನ ಮಕ್ಕಳಿಗೆ ಏನು ಮಾಡಿದ್ದಾನೆಂದು ವಿಚಾರಿಸಿ.